ಸಿಗ್ನಲ್ ಕೆಟ್ಟು ರೈಲು ನಿಂತಾಗ: ಕಾಯಬೇಕೆ, ಬಸ್ ಹಿಡಿಯಬೇಕೆ?

ಮೈಸೂರಿನಿಂದ ಹೊರಟ ಗಾಡಿ ಯಲಿಯೂರು ದಾಟಿ, ಮಂಡ್ಯ ಸೇರುವ ಮೊದಲೇ ಕಬ್ಬಿನ ಗದ್ದೆ ನಡುವೆ ನಿಂತಿತು ಎನ್ನಿ. ‘ಕ್ರಾಸಿಂಗ್ ಇರಬೇಕು’ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಬೆಂಗಳೂರಿನವರೆಗೂ ಜೋಡಿಹಳಿ ಇರುವಾಗ ಎಂಥ ಕ್ರಾಸಿಂಗ್? ಹಿಂದಿನ ವೇಗದ ಗಾಡಿಗೆ ದಾರಿ ಬಿಡುವುದಾದರೂ ಸ್ಟೇಷನ್ನಿನ ಲೂಪ್ ಲೈನಿನಲ್ಲಿ, ಅಂದರೆ ಪಕ್ಕಕ್ಕೆ ಸರಿದು ನಿಲ್ಲುವ ಹಳಿಯಲ್ಲಿ, ಬಿಡುತ್ತಾರೆ. ಮುಂದಿನ ಗಾಡಿ ಕದಲಿಲ್ಲ, ಇಲ್ಲವೇ ಸಿಗ್ನಲ್ ಕೆಟ್ಟಿದೆ.

ಗಾಡಿ ಎಲ್ಲಿದೆ ಎಂದು ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ನಿಮ್ಮ ಗಾಡಿಯನ್ನಲ್ಲ, ಅದರ ಮುಂದಿನದನ್ನು ನೋಡಿ. ಅದು ಮದ್ದೂರು ದಾಟಿದ್ದರೆ ದೋಷ ಈಗಷ್ಟೇ ಬಂದಿದೆ. ಎರಡು ಮೂರು ಗಾಡಿ ಸಾಲಾಗಿ ನಿಂತಿದ್ದರೆ ಬೇಗ ಬಿಡುಗಡೆಯಿಲ್ಲ.

ಏನು ಕೆಟ್ಟಿದೆ ಎಂಬುದರ ಮೇಲೆ ಕಾಯುವ ಹೊತ್ತು ನಿಂತಿದೆ. ಹಳಿ ಮೇಲೆ ಗಾಡಿ ಇದೆಯೇ ಎಂದು ತಿಳಿಯುವ ಟ್ರ್ಯಾಕ್ ಸರ್ಕ್ಯೂಟ್‌ನಲ್ಲಿ ಹಳಿಯ ಒಂದು ತುಂಡಿಗೆ ಸಣ್ಣ ವೋಲ್ಟೇಜ್ ಕೊಟ್ಟು, ತುದಿಯಲ್ಲಿ ರಿಲೇ (ಕರೆಂಟ್‌ನಿಂದ ನಡೆಯುವ ಸ್ವಿಚ್) ಇಟ್ಟಿರುತ್ತಾರೆ. ಗಾಲಿ ಬಂದರೆ ಎರಡು ಹಳಿ ಶಾರ್ಟ್ ಆಗಿ ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಜಲ್ಲಿಯಲ್ಲಿ ನೀರು ನಿಂತು ಕರೆಂಟ್ ಸೋರಿದರೂ, ಹಳಿಗಳನ್ನು ಜೋಡಿಸುವ ಬಾಂಡ್ ತಂತಿ ಕಿತ್ತರೂ ಅದೇ ಫಲ. ಕೆಟ್ಟರೆ ಕೆಂಪೇ ಬೀಳಲಿ ಎಂದೇ ಹಾಗೆ ಕಟ್ಟಿರುವುದು.

ಅದೇ ಕೆಲಸದ ಇನ್ನೊಂದು ಸಾಧನ ಆಕ್ಸಲ್ ಕೌಂಟರ್, ಹಳಿಯ ತುಂಡಿನೊಳಗೆ ಹೋದ ಗಾಲಿಯ ಅಚ್ಚು, ಹೊರಬಂದ ಅಚ್ಚು ಎಣಿಸುತ್ತದೆ. ಲೆಕ್ಕ ತಪ್ಪಿದರೆ ಖಾಲಿ ಹಳಿಯನ್ನೂ ‘ತುಂಬಿದೆ’ ಎನ್ನುತ್ತದೆ. ಹಳಿ ಖಾಲಿ ಎಂದು ಖಚಿತವಾದ ಮೇಲೆ ರಿಸೆಟ್. ಸಾಮಾನ್ಯವಾಗಿ ಮೊದಲ ಗಾಡಿ ಮೆಮೊ (ಕೆಂಪು ಸಿಗ್ನಲ್ ದಾಟಲು ಕೊಡುವ ಲಿಖಿತ ಅನುಮತಿ) ಹಿಡಿದು ನಿಧಾನಕ್ಕೆ ದಾಟಿದರೆ ಲೆಕ್ಕ ಸರಿಹೋಗುತ್ತದೆ. ಕಷ್ಟ ನಿಮಗೆ, ಸುಖ ಹಿಂದಿನ ಗಾಡಿಗೆ.

ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಕೆಟ್ಟರೆ ಮಾತ್ರ ತಾಪತ್ರಯ. ಹಳಿಗಳ ಸಂದಿನಲ್ಲಿ ಜಲ್ಲಿ ಸಿಕ್ಕಿ 5 ಮಿ.ಮೀ. ಅಂತರ ಉಳಿದರೂ ಅದು ಲಾಕ್ ಆಗಬಾರದು. ಆಗ ಸಿಬ್ಬಂದಿ ನಡೆದುಹೋಗಿ, ಕ್ಲ್ಯಾಂಪ್ ಬಿಗಿದು ಬೀಗ ಹಾಕಬೇಕು. ಗಾಡಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ದಾಟಬೇಕು. ದುರಸ್ತಿಯಾಗುವವರೆಗೂ ಪ್ರತಿ ಗಾಡಿಗೂ ಇದೇ ಪಾಡು.

ಕೆಟ್ಟ ಸಿಗ್ನಲ್ ದಾಟಲು ಲೋಕೊ ಪೈಲಟ್‌ಗೆ ಟಿ/369(3ಬಿ) ಮೆಮೊ ಬೇಕು. ‘ಎ’ ಫಲಕವಿರುವ ಆಟೊಮ್ಯಾಟಿಕ್ ಸಿಗ್ನಲ್ ಆದರೆ ಹಗಲು 1 ನಿಮಿಷ, ರಾತ್ರಿ 2 ನಿಮಿಷ ನಿಂತು, ಮೆಮೊ ಇಲ್ಲದೆ ಎಚ್ಚರದಿಂದ ಹೊರಡಬಹುದು. ಗಾಡಿ ನಿಂತು ತೆವಳಿ, ಮತ್ತೆ ನಿಂತು ತೆವಳುತ್ತಿದ್ದರೆ ಇದೇ ಇರಬಹುದು.

ಗದ್ದೆಯಲ್ಲಿ ಇಳಿದು ನಡೆಯಬೇಡಿ. ಪಕ್ಕದ ಹಳಿಯಲ್ಲಿ ಗಾಡಿ ಬರುತ್ತಲೇ ಇರುತ್ತದೆ. ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧವೂ ಹೌದು. ಮಂಡ್ಯ ತಲುಪಿದ ಮೇಲೆ ಲೆಕ್ಕ ಹಾಕಿ: ಪಾಯಿಂಟ್ ದೋಷವಾಗಿದ್ದು ಮುಂದಿನ ಗಾಡಿಗಳೂ ನಿಂತಿದ್ದರೆ ಬಸ್ ಸ್ಟ್ಯಾಂಡಿಗೆ ಹೋಗಿ. ಮೈಸೂರು–ಬೆಂಗಳೂರು ನಾನ್‌ಸ್ಟಾಪ್ ಬಸ್ಸುಗಳು ಬೈಪಾಸ್‌ನಲ್ಲೇ ಹೋಗುತ್ತವೆ, ಊರೊಳಗೆ ಬರುವ ಬಸ್ಸನ್ನೇ ಹಿಡಿಯಬೇಕು.

ಹಣ ವಾಪಸ್ಸಿಗೆ ಒಂದೇ ಗೆರೆ: ನೀವು ಹತ್ತುವ ಸ್ಟೇಷನ್ನಿನಲ್ಲಿ ಗಾಡಿ 3 ಗಂಟೆಗಿಂತ ಹೆಚ್ಚು ತಡವಾಗಿರಬೇಕು, ನೀವು ಹತ್ತಿರಬಾರದು. ಇ-ಟಿಕೆಟ್ ಆದರೆ ಗಾಡಿ ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸ್ಸಿಗೆ ಆನ್‌ಲೈನ್ ಅರ್ಜಿ) ಸಲ್ಲಿಸಿ. ಕೌಂಟರ್ ಟಿಕೆಟ್ ಆದರೆ ಅಷ್ಟರೊಳಗೆ ಕೌಂಟರಿಗೇ ಕೊಡಿ. ಹತ್ತಿ ಕೂತ ಮೇಲೆ ದಾರಿಯಲ್ಲಿ ಎಷ್ಟು ತಡವಾದರೂ ಈ ನಿಯಮ ನೆರವಿಗೆ ಬರುವುದಿಲ್ಲ. ದೂರು, ವಿಚಾರಣೆಗೆ 139.