ಗಂಡ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದರೆ ನೀವು ನೋಡಿಕೊಳ್ಳಬೇಕಾದ್ದು

ಹೊಡೆಯುವ ಗಂಡ ಕೌನ್ಸೆಲಿಂಗ್‌ಗೆ ಒಪ್ಪಿದ ಕೂಡಲೇ ಮನೆಯವರೆಲ್ಲ "ಇನ್ನು ಕೇಸ್ ಯಾಕೆ, ಬಿಟ್ಟುಬಿಡು" ಅನ್ನುತ್ತಾರೆ. ಬಿಡಬೇಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಕೋರ್ಟು ಕೌನ್ಸೆಲಿಂಗ್‌ಗೆ ಕಳಿಸಿದರೆ ಮುಂದಿನ ವಿಚಾರಣೆ ಎರಡು ತಿಂಗಳೊಳಗೆ ಇರಬೇಕು. ಅಲ್ಲಿಯವರೆಗೆ ಮಧ್ಯಂತರ ರಕ್ಷಣಾ ಆದೇಶ, ಅಂದರೆ ಅವನು ಹಿಂಸೆ ಮಾಡಬಾರದೆಂಬ ತಾತ್ಕಾಲಿಕ ಆದೇಶ, ಬೇಕೆಂದು 23ನೇ ಸೆಕ್ಷನ್‌ನಡಿ ಕೇಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಮಂಗಳೂರು, ಉಡುಪಿ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಮೊದಲ ದಿನವೇ ಬೇರೆಯಾಗಿ ಕೂರಿಸಿ ಮಾತಾಡಿಸಿ ಎಂದು ಕೌನ್ಸೆಲರ್‌ಗೆ ಹೇಳಿ. ಅವನ ಪಕ್ಕ ಕೂತು ನಿನ್ನೆಯ ಏಟಿನ ಬಗ್ಗೆ ಬಾಯಿಬಿಟ್ಟರೆ ಅದರ ಲೆಕ್ಕ ಮನೆಯಲ್ಲಿ ತೀರುತ್ತದೆ. ನೀವು ಹೇಳಿದ್ದು ಅವನ ಕಿವಿಗೆ ಹೋಗುತ್ತದೋ ಇಲ್ಲವೋ, ಅವನು ಬರುವುದು ನಿಲ್ಲಿಸಿದರೆ ನಿಮಗೆ ತಿಳಿಸುತ್ತಾರೋ ಇಲ್ಲವೋ, ಎರಡನ್ನೂ ಆಗಲೇ ಕೇಳಿಕೊಳ್ಳಿ. "ಎದುರು ಮಾತಾಡಿದ್ದಕ್ಕೆ ಹೊಡೆದೆ" ಎಂಬ ಸಮರ್ಥನೆಗೆ ಅಲ್ಲಿ ಜಾಗವಿಲ್ಲ. ಇದೇ ಕಾಯ್ದೆಯ 2006ರ ನಿಯಮಗಳಲ್ಲೇ ಹಾಗಿದೆ. ಆದರೂ ಕೌನ್ಸೆಲರ್ "ನೀನೇ ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಅಂದರೆ ಈ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಗೆ ಬರೆದು ಕೊಡಿ. ನಮ್ಮ ತಾಲೂಕುಗಳಲ್ಲಿ ಆ ಕೆಲಸ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರದ್ದು.

ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದದ್ದನ್ನು ಕೌನ್ಸೆಲಿಂಗ್‌ಗೆ ಬದಲಾಗಿ ಎಣಿಸಬೇಡಿ. ಅಲ್ಲಿ ಬಿಡಿಸುವುದು ಕುಡಿತವನ್ನು. ಕುಡಿಯದೆಯೂ ಸಂಬಳ ಕಿತ್ತುಕೊಳ್ಳುವವರು, ಫೋನ್ ತಡಕಾಡುವವರು, ತವರಿಗೆ ಹೋಗಬಾರದೆನ್ನುವವರು ಇದ್ದಾರೆ.

ಆದ್ದರಿಂದ ಬದಲಾವಣೆಯನ್ನು ಹಾಜರಿಯಿಂದ ಅಳೆಯದೆ ಮನೆಯಲ್ಲಿ ನಡೆಯುವುದರಿಂದ ಅಳೆಯಿರಿ. ತಾರೀಕು, ಹೊತ್ತು, ಅವನು ಅಂದ ಮಾತು ಅವನದೇ ಶಬ್ದದಲ್ಲಿ, ಕಂಡವರು ಯಾರು ಎಂದು ಪುಸ್ತಕದಲ್ಲಿ ಬರೆದು ತವರಲ್ಲೋ ನಂಬಿಕೆಯ ನೆರೆಯವರಲ್ಲೋ ಇಡಿ. ಕೌನ್ಸೆಲಿಂಗ್‌ನಲ್ಲಿ ಕಲಿತ ಮಾತನ್ನೇ ಅವನು ನಿಮ್ಮ ಮೇಲೆ ತಿರುಗಿಸುವುದೂ ಉಂಟು: "ನನಗೆ ಸಿಟ್ಟು ಬರಿಸುವುದು ನೀನೇ ಅಂತ ಕೌನ್ಸೆಲರೇ ಹೇಳಿದ್ದಾರೆ." ಇದನ್ನೂ ಬರೆದಿಡಿ, ಕೌನ್ಸೆಲರ್‌ಗೆ ಓದಿ ಹೇಳಿ. ಇಂಥದ್ದು ನಿಮ್ಮಿಂದಲ್ಲದೆ ಅವರಿಗೆ ಗೊತ್ತಾಗುವುದಿಲ್ಲ.

ಕುತ್ತಿಗೆ ಹಿಸುಕಿದರೆ ಮುಂದಿನ ಸಿಟ್ಟಿಂಗ್‌ವರೆಗೆ ಕಾಯಬಾರದು. ಹೊರಗೆ ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು, ಮುಂದೆ ಜೀವಕ್ಕೇ ಅಪಾಯವಿದೆ ಎಂಬ ಸೂಚನೆಯೂ ಅದೇ. 112ಕ್ಕೆ ಫೋನ್ ಮಾಡಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಉಡುಪಿ ಜಿಲ್ಲಾಸ್ಪತ್ರೆಗೋ ಹೋಗಿ. "ಬಚ್ಚಲಲ್ಲಿ ಜಾರಿ ಬಿದ್ದೆ" ಅನ್ನಬೇಡಿ, ಗಂಡ ಹಿಸುಕಿದ್ದೆಂದೇ ಡಾಕ್ಟರ ಹತ್ತಿರ ಬರೆಸಿ. ಉಳಿಯಲು ಜಾಗವಿಲ್ಲದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಹಿಂಸೆಗೊಳಗಾದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರದ ದಾರಿ ಹೇಳುತ್ತಾರೆ. ಆಧಾರ್, ಪಾಸ್‌ಬುಕ್, ಮಕ್ಕಳ ಕಾಗದಪತ್ರ ಮೊದಲೇ ಮನೆಯಿಂದ ಹೊರಗಿರಲಿ.

"ಇನ್ನು ಕೈ ಎತ್ತುವುದಿಲ್ಲ" ಎಂದು ಅವನು ಕೌನ್ಸೆಲರ್ ಮುಂದೆ ಬರೆದುಕೊಟ್ಟರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಒಂದು ವರ್ಷದವರೆಗಿನ ಜೈಲು ಅಥವಾ 20,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಬೀಳುವುದು ಕೋರ್ಟಿನ ರಕ್ಷಣಾ ಆದೇಶ ಮುರಿದಾಗ. ಆ ಮಾತು ಆದೇಶದೊಳಗೇ ಬರುವಂತೆ ವಕೀಲರಿಂದ ಕೇಳಿಸಿ, ಆದೇಶದ ಒಂದು ಪ್ರತಿಯನ್ನು ಠಾಣೆಗೆ ಮುಟ್ಟಿಸಿ.