ಹಳೆಯ ರಿಸೀವರ್, ಐದು ಪುಟ್ಟ ಸ್ಪೀಕರ್, ಒಂದು ಸಬ್: ನನ್ನ ಕೋಣೆಯ ಸಿನಿಮಾಕ್ಕೆ ಧ್ವನಿ ಕಟ್ಟಿದ ಬಗೆ

ಇಷ್ಟು ಪುಟ್ಟ ಕೋಣೆಗೆ ಸರೌಂಡ್ (ಸುತ್ತಲಿಂದ ಬರುವ ಧ್ವನಿ) ಏಕೆ, ಒಂದು ಸೌಂಡ್‌ಬಾರ್ ಸಾಕು ಎಂದವರೇ ಹೆಚ್ಚು. ಉಳಿದವರು, ಮಾಡುವುದಾದರೆ ಹೊಸ ರಿಸೀವರ್ (ಧ್ವನಿಯನ್ನು ಹಂಚಿ ಸ್ಪೀಕರ್‌ಗಳಿಗೆ ಶಕ್ತಿ ಕೊಡುವ ಪೆಟ್ಟಿಗೆ), ಆಳೆತ್ತರದ ಟವರ್ ಸ್ಪೀಕರ್, ಚಾವಣಿಯಲ್ಲಿ ಅಟ್ಮಾಸ್ (ಮೇಲಿನಿಂದಲೂ ಬರುವ ಧ್ವನಿ) ಎಲ್ಲ ಇರಲಿ, ಇಲ್ಲದಿದ್ದರೆ ಕೈಹಾಕಬೇಡ ಎಂದರು. ಇಬ್ಬರ ಮಾತನ್ನೂ ಕೇಳಿ ಎರಡು ವರ್ಷ ಕಳೆದೆ, ಹಣವನ್ನೂ ಕಳೆದೆ. ಈಗ ನನ್ನ ಕೋಣೆಯಲ್ಲಿರುವುದು ಹತ್ತು ವರ್ಷ ಹಳೆಯ ರಿಸೀವರ್, ಐದು ಪುಟ್ಟ ಸ್ಪೀಕರ್‌ಗಳು, ತಳದನಿಗೆಂದೇ ಇರುವ ಹತ್ತು ಇಂಚಿನ ಒಂದು ಸಬ್‌ವೂಫರ್. ಮಧ್ಯಮ ದರ್ಜೆಯ ಹೊಸ ರಿಸೀವರ್ ಒಂದಕ್ಕೇ ಕೇಳುವ ಹಣದಲ್ಲಿ ಇಷ್ಟೂ ಮುಗಿದಿದೆ. ಇದಕ್ಕಿಂತ ನಾಲ್ಕು ಪಟ್ಟು ಖರ್ಚು ಮಾಡಿದ ಕೋಣೆಗಳಲ್ಲಿ ಕುಳಿತು ಕೇಳಿದ್ದೇನೆ. ಮಾತಿನ ಸ್ಪಷ್ಟತೆಯಲ್ಲಿ ನನ್ನದೇ ಮುಂದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಕೋಣೆಯ ಅಳತೆ ಸುಮಾರು 3.6 ಮೀಟರ್ ಉದ್ದ, 3 ಮೀಟರ್ ಅಗಲ. ಬಾಗಿಲು ಮುಚ್ಚಿದರೆ ಪೆಟ್ಟಿಗೆಯಂತೆ ಮುಚ್ಚಿಕೊಳ್ಳುತ್ತದೆ. ಇದೇ ಅದರ ತೊಂದರೆ, ಮುಂದೆ ಇದೇ ಅನುಕೂಲವೂ ಆಯಿತು.

ಮೊದಲ ತಪ್ಪು, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುವ 5.1 (ಐದು ಸ್ಪೀಕರ್, ಒಂದು ಸಬ್) ಸೆಟ್. ಪೆಟ್ಟಿಗೆಯ ಮೇಲೆ 1000 ವ್ಯಾಟ್ ಎಂದು ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 10 ಶೇಕಡಾ ವಿಕೃತಿಯಲ್ಲಿ, ಅಂದರೆ ದನಿ ಕೆಡುವಷ್ಟು ಜೋರಿನಲ್ಲಿ, ಎಂದೂ ಇತ್ತು, ನಾನು ಓದಲಿಲ್ಲ. ಸ್ಪೀಕರ್‌ಗಳು ಮೂರು ಇಂಚಿನವು. ಅವು 150 ಹರ್ಟ್ಜ್‌ಗಿಂತ ಕೆಳಗೆ ಏನನ್ನೂ ನುಡಿಸಲಾರವು, ಆದ್ದರಿಂದ ಗಂಡಸಿನ ದನಿಯ ತಳಭಾಗವೆಲ್ಲ ಮೂಲೆಯಲ್ಲಿದ್ದ ಸಬ್‌ನಿಂದ ಬರುತ್ತಿತ್ತು. ನಾಯಕ ಪರದೆಯ ನಡುವೆ, ಅವನ ಎದೆ ಮೂಲೆಯಲ್ಲಿ! ಸ್ಪೀಕರ್‌ಗಳು 3 ಓಮ್, ಜೋಡಣೆ ಅದೇ ಕಂಪನಿಯದ್ದು, ಬೇರೆ ಯಾವುದಕ್ಕೂ ಸೇರುವುದಿಲ್ಲ. ಕೊಂಡ ಬೆಲೆಯ ಮೂರನೆಯ ಒಂದು ಭಾಗಕ್ಕೆ ಮಾರಿದೆ.

ಎರಡನೆಯ ತಪ್ಪು ಇನ್ನೂ ದುಬಾರಿ. ಗೆಳೆಯನ ಮಾತು ಕೇಳಿ ಒಂದು ಜೊತೆ ಟವರ್ ಸ್ಪೀಕರ್ ಮತ್ತು ಅಡ್ಡ ಮಲಗುವ ಸೆಂಟರ್ (ಮಾತು ಬರುವ ನಡುವಿನ ಸ್ಪೀಕರ್) ತಂದೆ. ಟವರ್‌ಗಳು ಗೋಡೆಗೆ ಅಂಟಿಕೊಂಡೇ ನಿಲ್ಲಬೇಕಾಯಿತು, ತಳದನಿ ಗುಂಯ್‌ಗುಟ್ಟಿತು. ಸೆಂಟರ್‌ನದ್ದು ಇನ್ನೊಂದು ಕಥೆ. ನಡುವೆ ಮೇಲ್ದನಿಯ ಟ್ವೀಟರ್, ಎರಡು ಬದಿಗೆ ಕೆಳದನಿಯ ಎರಡು ವೂಫರ್ ಇರುವ ಅಡ್ಡ ಸ್ಪೀಕರ್ ನೇರ ಎದುರು ಕುಳಿತವನಿಗೆ ಚೆನ್ನಾಗಿ ಕೇಳಿಸುತ್ತದೆ. ಬದಿಯಲ್ಲಿ ಕುಳಿತವನಿಗೆ ಎರಡು ವೂಫರ್‌ಗಳ ದನಿ ಬೇರೆ ಬೇರೆ ಹೊತ್ತಿಗೆ ತಲುಪಿ ಒಂದನ್ನೊಂದು ಕೊಲ್ಲುತ್ತವೆ, ಅದೂ ಮಾತಿನ ಭಾಗದಲ್ಲಿಯೇ. ಸೋಫಾದ ತುದಿಯಲ್ಲಿ ಕುಳಿತವರು ಪ್ರತಿ ಸಲ "ಏನೆಂದ?" ಎಂದು ಕೇಳುತ್ತಿದ್ದರು. ನಾನು ಕೇಂದ್ರದಲ್ಲಿ ಕುಳಿತು, ನಿಮಗೆ ಗಮನವಿಲ್ಲ ಎನ್ನುತ್ತಿದ್ದೆ. ಆರು ತಿಂಗಳಾದ ಮೇಲೆ ಒಂದು ದಿನ ತುದಿಯಲ್ಲಿ ಕುಳಿತಾಗ ಅವರದ್ದೇ ನಿಜವೆಂದು ತಿಳಿಯಿತು.

ಅಲ್ಲಿಂದ ಮುಂದೆ ಒಂದೇ ಹಟ ಹಿಡಿದೆ: ಟಿವಿಯ ಬದಿಯ ಎಡ, ನಡು, ಬಲ ಮೂರೂ ಸ್ಪೀಕರ್ ಒಂದೇ ಮಾದರಿಯವು, ಮೂರೂ ನೆಟ್ಟಗೆ ನಿಂತಿರಬೇಕು. ಐದೂಕಾಲು ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ (ಕಪಾಟಿನಲ್ಲಿ ಇಡುವಷ್ಟು ಪುಟ್ಟ) ಸ್ಪೀಕರ್‌ಗಳನ್ನು ಬಳಸಿದ್ದರಲ್ಲಿ ಹುಡುಕಿ ಎರಡು ಜೊತೆ ಕೊಂಡೆ. ನಾಲ್ಕನೆಯದು ದಂಡ ಎಂದು ಎಲ್ಲರೂ ಹೇಳಿದರು. ಅಳತೆ ಮಾಡುವಾಗ ಜೋರಾಗಿ ಸ್ವೀಪ್ (ತಳದಿಂದ ಮೇಲಕ್ಕೆ ಏರುವ ಪರೀಕ್ಷೆಯ ನಾದ) ಓಡಿಸಿ ಎಡಗಡೆಯ ಟ್ವೀಟರ್ ಸುಟ್ಟ ದಿನ ಆ ನಾಲ್ಕನೆಯದರ ಟ್ವೀಟರ್ ನನ್ನನ್ನು ಉಳಿಸಿತು. ಸೆಂಟರ್ ಟಿವಿಯ ಕೆಳಗೆ, ಕಪಾಟಿನ ಅಂಚಿಗೆ ಸರಿಯಾಗಿ, ಮುಂದೆ ರಬ್ಬರ್ ತುಂಡು ಕೊಟ್ಟು ಕಿವಿಯ ಕಡೆಗೆ ಮೇಲ್ಮುಖವಾಗಿ ಇದೆ. ಅಂಚಿನಿಂದ ಒಳಗೆ ತಳ್ಳಿದರೆ ಕಪಾಟಿನ ಹಲಗೆಯೇ ಮಾತನ್ನು ಕೆಡಿಸುತ್ತದೆ.

ರಿಸೀವರ್ ವಿಷಯದಲ್ಲಿ ನಾನು ಅತ್ಯಂತ ಹೆಚ್ಚು ಉಳಿಸಿದೆ. ಹಳೆಯ ರಿಸೀವರ್‌ಗಳು ಅಗ್ಗವಾಗುವುದು ಅವುಗಳ ಆಂಪ್ಲಿಫೈಯರ್ ಕೆಟ್ಟಿರುವುದರಿಂದಲ್ಲ, ಹೊಸ ಟಿವಿಗಳ 4ಕೆ ಎಚ್‌ಡಿಆರ್ ಚಿತ್ರವನ್ನು ದಾಟಿಸಲಾರವು ಎಂಬುದರಿಂದ. ಚಿತ್ರವನ್ನು ಅದರ ಮೂಲಕ ಏಕೆ ಕಳುಹಿಸಬೇಕು? ಎಲ್ಲ ಮೂಲಗಳನ್ನೂ ನೇರ ಟಿವಿಗೆ ಜೋಡಿಸಿ, ಟಿವಿಯಿಂದ ಆರ್ಕ್ (ಎಚ್‌ಡಿಎಂಐ ತಂತಿಯಲ್ಲೇ ಧ್ವನಿಯನ್ನು ಹಿಂದಕ್ಕೆ ಕಳುಹಿಸುವ ದಾರಿ) ಮೂಲಕ ಧ್ವನಿಯನ್ನು ಮಾತ್ರ ರಿಸೀವರ್‌ಗೆ ತಂದೆ. ಸ್ಟ್ರೀಮಿಂಗ್‌ನಲ್ಲಿ ಹೆಚ್ಚಾಗಿ ಬರುವುದು ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಕುಗ್ಗಿಸಿದ ಧ್ವನಿ, ಅದಕ್ಕೆ ಆರ್ಕ್ ಸಾಕು. ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ (ಗುಣ ಕಳೆಯದ ಧ್ವನಿ) ಆರ್ಕ್‌ನಲ್ಲಿ ಹಾಯುವುದಿಲ್ಲ, ಅದು ನಿಜ. ಅದಕ್ಕೆ ಎರಡು ಎಚ್‌ಡಿಎಂಐ ಇರುವ ಪ್ಲೇಯರ್ ಹುಡುಕಿ, ಒಂದನ್ನು ಟಿವಿಗೆ, ಇನ್ನೊಂದನ್ನು ರಿಸೀವರ್‌ಗೆ ಕೊಟ್ಟೆ. ತುಟಿಗೂ ಮಾತಿಗೂ ತಾಳ ತಪ್ಪಿದ್ದನ್ನು ಸರಿಪಡಿಸಲು ಒಂದು ಸಂಜೆ ಹಿಡಿಯಿತು.

ಶಕ್ತಿ ಸಾಲದು ಎಂದವರಿಗೆ ನನ್ನ ಲೆಕ್ಕ: ಸ್ಪೀಕರ್‌ನ ಸಂವೇದನೆ (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಕೊಡುವ ಜೋರು) ಸುಮಾರು 87 ಡೆಸಿಬೆಲ್, ನಾನು ಕೂರುವುದು ಎರಡೂವರೆ ಮೀಟರ್ ದೂರದಲ್ಲಿ. ಮಾತಿಗೆ ಒಂದು ವ್ಯಾಟ್ ಕೂಡ ಬೇಡ. 95 ಡೆಸಿಬೆಲ್ ತಲುಪಲು 40 ವ್ಯಾಟ್ ಆಸುಪಾಸು. 80 ಹರ್ಟ್ಜ್‌ಗಿಂತ ಕೆಳಗಿನ ಹೊರೆ ಸಬ್‌ನದ್ದು. ಹಳೆಯ ರಿಸೀವರ್ ಬೆಚ್ಚಗೂ ಆಗುವುದಿಲ್ಲ.

ಇನ್ನು ಸಬ್. ನನ್ನ ನಿದ್ದೆ ಕೆಡಿಸಿದ್ದು ಇದೇ. ಸೋಫಾ ಹಿಂಗೋಡೆಗೆ ತಾಗಿದ್ದಾಗ ಎಲ್ಲವೂ ಗುಡುಗು. ಗೋಡೆಯಿಂದ ದೂರ ಎಂದು ಸರಿಯಾಗಿ ಕೋಣೆಯ ನಡುವಿಗೆ ಎಳೆದೆ, ಆಗ ಸ್ಫೋಟಗಳೇ ಮಾಯ. 3.6 ಮೀಟರ್ ಉದ್ದದ ಕೋಣೆಯಲ್ಲಿ 48 ಹರ್ಟ್ಜ್ ಸುಮಾರಿಗೆ ಗೋಡೆಗಳ ನಡುವೆ ಧ್ವನಿಯ ಅಲೆ ನೆಲೆನಿಲ್ಲುತ್ತದೆ, ನಟ್ಟನಡುವೆ ಅದರ ಹಳ್ಳ, ಅಂದರೆ ಆ ದನಿ ಕೇಳಿಸದ ಜಾಗ. ರಿಸೀವರ್‌ನ ಈಕ್ವಲೈಜರ್ ಆ ಹಳ್ಳವನ್ನು ತುಂಬಲು ಹೋಗಿ ಸಬ್‌ನ ಕೋನ್ ಬಡಿದುಕೊಂಡಿತು, ಹಳ್ಳ ಹಾಗೆಯೇ ಉಳಿಯಿತು. ಕೊನೆಗೆ ಹಿಂಗೋಡೆಯಿಂದ ಮುಕ್ಕಾಲು ಮೀಟರ್‌ನಲ್ಲಿ ಸೋಫಾ ನಿಂತಿತು. ಸಬ್ ಅನ್ನು ಸೋಫಾದ ಮೇಲಿಟ್ಟು ನೆಲದಲ್ಲಿ ತೆವಳಿ ಜಾಗ ಹುಡುಕುವ ಹಳೆಯ ಪದ್ಧತಿಯನ್ನೇ ಅನುಸರಿಸಿದೆ. ಮುಂಗೋಡೆಯ ನಡುವಿಗೆ ಸ್ವಲ್ಪ ಎಡಕ್ಕೆ ದನಿ ಸಮವಾಯಿತು. ಎಲ್ಲರೂ ಹೇಳುವ ಮೂಲೆ ನನ್ನ ಕೋಣೆಯಲ್ಲಿ ಅತ್ಯಂತ ಕೆಟ್ಟ ಜಾಗ.

ಪೋರ್ಟ್ (ಗಾಳಿ ಹಾಯುವ ರಂಧ್ರ) ಇಲ್ಲದ ಮುಚ್ಚಿದ ಸಬ್ ಆರಿಸಿದ್ದಕ್ಕೆ ನಕ್ಕವರಿದ್ದಾರೆ. ಮುಚ್ಚಿದ ಸಬ್ ಕೆಳಗಿಳಿದಂತೆ ನಿಧಾನವಾಗಿ ಸೋಲುತ್ತದೆ, ಮುಚ್ಚಿದ ಪುಟ್ಟ ಕೋಣೆ ಅದೇ ಭಾಗವನ್ನು ಎತ್ತಿಕೊಡುತ್ತದೆ. ಬಾಗಿಲು ಹಾಕಿ ಅಳೆದಾಗ 25 ಹರ್ಟ್ಜ್ ತನಕ ಬಂತು. ಬಾಗಿಲು ತೆರೆದರೆ ಅದರಲ್ಲಿ ಒಂದು ಪಾಲು ಹೊರಗೆ ಹೋಗುತ್ತದೆ.

ರಿಸೀವರ್‌ನ ತಾನೇ ಅಳೆಯುವ ವ್ಯವಸ್ಥೆ ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’, ಅಂದರೆ ತಳದನಿಯನ್ನೂ ತಾವೇ ನುಡಿಸುವವು, ಎಂದು ತೀರ್ಮಾನಿಸಿತ್ತು. ಅದನ್ನು ‘ಸ್ಮಾಲ್’ ಮಾಡಿ, ಅಲ್ಲಿಂದ ಕೆಳಗಿನದು ಸಬ್‌ಗೆ ಹೋಗುವ ಗಡಿಯಾಗಿ 80 ಹರ್ಟ್ಜ್ ಕೊಟ್ಟೆ. ಸೆಂಟರ್‌ಗೆ ಕೊಟ್ಟ ಅಂಕಿ ಬೇರೆ. ಎರಡು ತಿಂಗಳು ಕಿವಿಗೊಟ್ಟು ಹುಡುಕಿದ್ದು, ಅದು ನನ್ನಲ್ಲೇ ಇರಲಿ. ಆದರೆ ಇನ್ನೊಂದು ಗುಟ್ಟನ್ನು ಕೊಡುತ್ತೇನೆ: ರಿಸೀವರ್‌ನಲ್ಲಿ ಸಬ್‌ನ ದೂರವನ್ನು ಟೇಪಿನಿಂದ ಅಳೆದು ಹಾಕಬೇಡಿ. ಸಬ್‌ನೊಳಗಿನ ಸರ್ಕ್ಯೂಟ್ ಕೂಡ ಧ್ವನಿಯನ್ನು ತಡಮಾಡುತ್ತದೆ. ಸ್ಪೀಕರ್, ಸಬ್ ಎರಡರಲ್ಲೂ 80 ಹರ್ಟ್ಜ್ ನಾದ ನುಡಿಸುತ್ತಾ ದೂರದ ಅಂಕಿಯನ್ನು ಬದಲಿಸುತ್ತಾ ಹೋಗಿ, ಎಲ್ಲಿ ದನಿ ಅತಿ ಜೋರಾಗುತ್ತದೆಯೋ ಅಲ್ಲಿ ನಿಲ್ಲಿಸಿ. ನನ್ನ ಸಬ್ ಇರುವುದು 2.7 ಮೀಟರ್‌ನಲ್ಲಿ, ಅಂಕಿ ನಿಂತದ್ದು 4ರ ಹತ್ತಿರ. ಅದೊಂದರಿಂದಲೇ ಡೋಲಿನ ಏಟಿಗೆ ಮೈ ಬಂತು.

ಸರೌಂಡ್‌ಗಳು, ಅಂದರೆ ಹಿಂಬದಿಯ ಎರಡು ಸ್ಪೀಕರ್, ಬೇರೆ ಮಾದರಿಯವು, ಅಗ್ಗದವು, ಪರವಾಗಿಲ್ಲ. ಮೊದಲು ಹಿಂಗೋಡೆಯಲ್ಲಿ ತಲೆಯ ಹಿಂದೆಯೇ ಹಾಕಿದ್ದೆ, ಕಿವಿಯೊಳಗೆ ಯಾರೋ ಪಿಸುಗುಟ್ಟಿದಂತಿತ್ತು. ಈಗ ಪಕ್ಕದ ಗೋಡೆಗಳಲ್ಲಿ ಕಿವಿಗಿಂತ ಅರ್ಧ ಮೀಟರ್ ಹಿಂದೆ, ಅಷ್ಟೇ ಮೇಲೆ. ನೇರ ಎದುರಿನಿಂದ ಕೋನ ಸುಮಾರು 110 ಡಿಗ್ರಿ. ಮುಖ ಕೇಳುಗನ ಕಡೆಗಿಲ್ಲ, ಎದುರು ಗೋಡೆಯ ಕಡೆಗೆ.

ನಡುವೆ ಮೊಟ್ಟೆಯ ಟ್ರೇಗಳನ್ನೂ ಗೋಡೆಗೆ ಅಂಟಿಸಿ ನೋಡಿದೆ. ಮೇಲ್ದನಿಯ ಹೊಳಪು ಹೋಯಿತು, ಗುಂಯ್‌ಗುಡುವಿಕೆ ಇದ್ದಲ್ಲೇ ಇತ್ತು. ಕಿತ್ತು ಹಾಕಿ, ಹತ್ತು ಸೆಂಟಿಮೀಟರ್ ದಪ್ಪದ ಕಲ್ಲುಣ್ಣೆಯನ್ನು (ರಾಕ್‌ವೂಲ್) ಮರದ ಚೌಕಟ್ಟಿನಲ್ಲಿ ಕೂರಿಸಿ ಬಟ್ಟೆ ಹೊದಿಸಿದ ನಾಲ್ಕು ಫಲಕ ಮಾಡಿದೆ. ಗೋಡೆಯುದ್ದಕ್ಕೂ ಕನ್ನಡಿ ಸರಿಸಿ, ಸೋಫಾದಿಂದ ಸ್ಪೀಕರ್ ಕಾಣುವ ಜಾಗದಲ್ಲಿ ಬದಿಗೊಂದು, ಹಿಂದೆ ಎರಡು. ಮಾತು ಅರ್ಥವಾಗದಿದ್ದರೆ ಸ್ಪೀಕರ್ ಬದಲಿಸುವ ಮೊದಲು ಇದನ್ನು ಮಾಡಿ.

ಹಣವನ್ನು ನೂರು ಪಾಲು ಎಂದುಕೊಂಡರೆ ನೆನಪಿನ ಲೆಕ್ಕ ಹೀಗಿದೆ: ಸಬ್‌ಗೆ 35, ಎಲ್ಲ ಸ್ಪೀಕರ್‌ಗಳಿಗೆ 40, ರಿಸೀವರ್‌ಗೆ 15, ಫಲಕ ಮತ್ತು ತಂತಿಗೆ 10. ತಂತಿ ಶುದ್ಧ ತಾಮ್ರದ್ದು, ಬರೀ 2.5 ಚದರ ಮಿಲಿಮೀಟರ್. ಮೊದಲೆರಡು ತಪ್ಪುಗಳಲ್ಲಿ ಕಳೆದದ್ದು ಇನ್ನೊಂದು 60 ಪಾಲಾದರೂ ಇದ್ದೀತು.

ಟವರ್ ಕೊಳ್ಳಲು ಹೇಳಿದ್ದ ಗೆಳೆಯ ಕಳೆದ ತಿಂಗಳು ಬಂದ. ಮಳೆಯ ದೃಶ್ಯವೊಂದು ಮುಗಿಯುವ ತನಕ ಮಾತಾಡಲಿಲ್ಲ, ಆಮೇಲೆ ಸೋಫಾದ ಮೂರೂ ಕಡೆ ಕುಳಿತು ಕೇಳಿದ. ಮರುವಾರ ತನ್ನ ಸಬ್ ಅನ್ನೇ ಹೊತ್ತು ತಂದ. ಅದನ್ನು ಹಿಂಗೋಡೆಯ ನಡುವೆ ಇಟ್ಟು ಎರಡನ್ನೂ ಒಟ್ಟಿಗೆ ನುಡಿಸಿದೆವು. ಮೂರು ಆಸನಗಳ ನಡುವೆ ತಳದನಿಯಲ್ಲಿ ಎಂಟು ಡೆಸಿಬೆಲ್‌ನಷ್ಟಿದ್ದ ವ್ಯತ್ಯಾಸ ಮೂರಕ್ಕೆ ಇಳಿಯಿತು. ಅವನ ಸಬ್ ಅವನ ಮನೆಗೆ ಮರಳಿದೆ. ಹಿಂಗೋಡೆಯ ತನಕ ತಂತಿ ಎಳೆದಿಟ್ಟು, ಎರಡನೆಯದಕ್ಕೆ ನಾನು ಹಣ ಕೂಡಿಸುತ್ತಿದ್ದೇನೆ.