ಸ್ವಿಚ್‌ನಲ್ಲಿ ಪೋರ್ಟ್ ಗುಂಪು ಮಾಡುವುದು ಹೇಗೆ?

ಆಫೀಸಿನ ಕಂಪ್ಯೂಟರು, ಸಿಸಿಟಿವಿ ಕ್ಯಾಮೆರಾ ಎಲ್ಲವೂ ಒಂದೇ ನೆಟ್‌ವರ್ಕ್ ಸ್ವಿಚ್‌ಗೆ ಸಿಕ್ಕಿಸಿರುತ್ತವೆ. ಎರಡನ್ನೂ ಬೇರೆ ಮಾಡೋಣ ಅಂತ ಹೊರಟವರು ಗುಂಪು ಮಾಡಿ, ಅರ್ಧಕ್ಕೇ ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಸ್ವಿಚ್ಚೇ ಸರಿ ಇಲ್ಲ ಅನ್ನುತ್ತಾರೆ. ಸ್ವಿಚ್‌ಗೆ ಏನೂ ಆಗಿರುವುದಿಲ್ಲ.

ಮೊದಲು ಕಾಗದದ ಮೇಲೆ ಬರೆದುಕೊಳ್ಳಿ. 8 ಪೋರ್ಟಿನ ಸ್ವಿಚ್ ಅಂದುಕೊಳ್ಳೋಣ. 1ರಿಂದ 3 ಆಫೀಸಿಗೆ, ವಿಲ್ಯಾನ್ 10 (ಸ್ವಿಚ್‌ನೊಳಗೆ ಬೇರೆ ಮಾಡಿದ ಒಂದೊಂದು ಗುಂಪಿಗೂ ವಿಲ್ಯಾನ್ ಅನ್ನುತ್ತಾರೆ). 4ರಿಂದ 6 ಕ್ಯಾಮೆರಾಗಳಿಗೆ, ವಿಲ್ಯಾನ್ 20. 7 ನಿಮ್ಮ ಲ್ಯಾಪ್‌ಟಾಪ್‌ಗೆ, 8 ರೂಟರ್‌ಗೆ. ಸಂಖ್ಯೆ 1ರಿಂದ 4094ರವರೆಗೆ ಯಾವುದಾದರೂ ಆಗುತ್ತದೆ. ಆದರೆ 1 ಬೇಡ, ಹೊಸ ಸ್ವಿಚ್‌ನಲ್ಲಿ ಎಲ್ಲ ಪೋರ್ಟುಗಳೂ ಅದರಲ್ಲೇ ಇರುತ್ತವೆ.

ಸ್ವಿಚ್‌ನ ಅಡ್ಮಿನ್ ಪುಟದ ಮೆನುವಿನಲ್ಲಿ ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ: ಪೋರ್ಟ್ ಬೇಸ್ಡ್ ಮತ್ತು 802.1ಕ್ಯೂ (ಡೇಟಾಗೆ ಗುಂಪಿನ ಸಂಖ್ಯೆಯ ಚೀಟಿ, ಅಂದರೆ ಟ್ಯಾಗ್, ಅಂಟಿಸುವ ವಿಧಾನ). ಮೊದಲನೆಯದು ಸುಲಭ ಅಂತ ಅದಕ್ಕೆ ಕೈ ಹಾಕಬೇಡಿ. ನಾಳೆ ಇನ್ನೊಂದು ಸ್ವಿಚ್ ಜೋಡಿಸಿದರೆ ಆ ಗುಂಪುಗಳು ಅಲ್ಲಿಗೆ ದಾಟುವುದಿಲ್ಲ. 802.1ಕ್ಯೂ ಆರಿಸಿ, 10 ಮತ್ತು 20 ಸೇರಿಸಿ.

ಎಡವುವುದು ಇಲ್ಲಿಂದ ಮುಂದೆ. 4ನೇ ಪೋರ್ಟನ್ನೇ ನೋಡಿ. ಅದಕ್ಕೆ ಮೂರು ಕೆಲಸ ಆಗಬೇಕು, ಅದೂ ಬೇರೆ ಬೇರೆ ಪುಟಗಳಲ್ಲಿ. ವಿಲ್ಯಾನ್ 20ಕ್ಕೆ ಅನ್‌ಟ್ಯಾಗ್ಡ್ (ಟ್ಯಾಗ್ ಇಲ್ಲದೆ ಹೊರಗೆ ಕಳಿಸುವ) ಸದಸ್ಯ ಮಾಡಬೇಕು. ಪಿವಿಐಡಿಯನ್ನು (ಪೋರ್ಟಿನ ಮೂಲ ವಿಲ್ಯಾನ್ ಸಂಖ್ಯೆಯನ್ನು) 20 ಮಾಡಬೇಕು. ವಿಲ್ಯಾನ್ 1ರಿಂದ ತೆಗೆಯಬೇಕು.

ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಪಿವಿಐಡಿ ಪುಟವನ್ನು ಯಾರೂ ತೆರೆಯುವುದಿಲ್ಲ. ಸದಸ್ಯತ್ವ ಹೇಳುವುದು ಆ ಪೋರ್ಟಿನಿಂದ ಹೊರಗೆ ಏನು ಹೋಗಬಹುದು ಅಂತ. ಕ್ಯಾಮೆರಾದಿಂದ ಟ್ಯಾಗ್ ಇಲ್ಲದೆ ಒಳಗೆ ಬಂದದ್ದು ಯಾವ ಗುಂಪಿಗೆ ಅನ್ನುವುದನ್ನು ಪಿವಿಐಡಿ ಹೇಳುತ್ತದೆ. ಅದು 1 ಅಂತಲೇ ಉಳಿದು, ವಿಲ್ಯಾನ್ 1ರ ಸದಸ್ಯತ್ವವೂ ಉಳಿದಿದ್ದರೆ ಕ್ಯಾಮೆರಾ ಹಳೆಯ ನೆಟ್‌ವರ್ಕಿನಲ್ಲೇ ಓಡುತ್ತಿರುತ್ತದೆ. ಚಿತ್ರ ಬರುತ್ತಿದೆಯಲ್ಲ, ಕೆಲಸ ಆಯ್ತು ಅಂದುಕೊಳ್ಳುತ್ತಾರೆ. ಏನೂ ಆಗಿರುವುದಿಲ್ಲ. ವಿಲ್ಯಾನ್ 1ರಿಂದ ತೆಗೆದು ಪಿವಿಐಡಿ ಮಾತ್ರ ಮರೆತರೆ ಸಾಧನಕ್ಕೆ ವಿಳಾಸವೇ ಸಿಗುವುದಿಲ್ಲ. ಅಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿದರೆ 169.254 ಅಂತ ಶುರುವಾಗುವ ವಿಳಾಸ ಕಾಣುತ್ತದೆ, ಅಂದರೆ ಯಾರೂ ವಿಳಾಸ ಕೊಡದೆ ಅದು ತಾನೇ ಇಟ್ಟುಕೊಂಡದ್ದು. ಅದು ಕಂಡರೆ ಕೇಬಲ್ ಬದಲಾಯಿಸುತ್ತಾ ಕೂರಬೇಡಿ, ಪಿವಿಐಡಿ ನೋಡಿ.

ಕೆಲವು ಸ್ವಿಚ್‌ಗಳು ಪಿವಿಐಡಿ ಬದಲಾಗುವ ತನಕ ಪೋರ್ಟನ್ನು ವಿಲ್ಯಾನ್ 1ರಿಂದ ತೆಗೆಯಲು ಬಿಡುವುದಿಲ್ಲ. ಹಾಗಾಗಿ ನಾನು ಹೇಳಿದ ಕ್ರಮದಲ್ಲೇ ಹೋಗಿ. ಕಮಾಂಡ್ ಲೈನ್ ಇರುವ ದೊಡ್ಡ ಸ್ವಿಚ್‌ಗಳಲ್ಲಿ ಪೋರ್ಟನ್ನು ಆಕ್ಸೆಸ್ ಮೋಡ್‌ಗೆ (ಒಂದೇ ಗುಂಪಿಗೆ ಸೇರಿದ ಪೋರ್ಟ್ ಅಂತ) ಹಾಕಿ ವಿಲ್ಯಾನ್ ಸಂಖ್ಯೆ ಕೊಟ್ಟರೆ ಸಾಕು, ಮೂರೂ ಒಟ್ಟಿಗೆ ಮುಗಿಯುತ್ತವೆ.

ರೂಟರ್‌ನ 8ನೇ ಪೋರ್ಟನ್ನು 10 ಮತ್ತು 20 ಎರಡಕ್ಕೂ ಟ್ಯಾಗ್ಡ್ ಮಾಡಿ, ವಿಲ್ಯಾನ್ 1ಕ್ಕೆ ಅನ್‌ಟ್ಯಾಗ್ಡ್ ಆಗಿಯೇ ಇರಲಿ. ರೂಟರ್‌ನಲ್ಲೂ ಅದೇ ಸಂಖ್ಯೆಗಳು ಬೇಕು, ಪ್ರತಿ ಗುಂಪಿಗೂ ಬೇರೆ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಬೇಕು. ಅಲ್ಲಿ ಫೈರ್‌ವಾಲ್ ನಿಯಮ ಹಾಕದಿದ್ದರೆ ಎಷ್ಟೋ ರೂಟರ್‌ಗಳು ಎರಡೂ ಗುಂಪನ್ನು ಸುಮ್ನೆ ಸೇರಿಸಿಬಿಡುತ್ತವೆ. ಇಷ್ಟೆಲ್ಲ ಮಾಡಿದ್ದು ದಂಡ ಅಲ್ವಾ?

7ನೇ ಪೋರ್ಟನ್ನು ಮುಟ್ಟಬೇಡಿ. ನೀವು ಕೂತಿರುವುದೇ ಅಲ್ಲಿ. ಅದರ ಗುಂಪು ಬದಲಾದರೆ ಸ್ವಿಚ್ ನಿಮ್ಮನ್ನೇ ಹೊರಗೆ ಹಾಕುತ್ತದೆ. ಅಂದಹಾಗೆ, ಅಗ್ಗದ ಕೆಲವು ಸ್ಮಾರ್ಟ್ ಸ್ವಿಚ್‌ಗಳ ಅಡ್ಮಿನ್ ಪುಟ ಯಾವ ಗುಂಪಿನಿಂದ ಬೇಕಾದರೂ ತೆರೆಯುತ್ತದೆ. ಮ್ಯಾನೇಜ್‌ಮೆಂಟ್ ವಿಲ್ಯಾನ್ (ಅಡ್ಮಿನ್ ಪುಟ ಇಂಥ ಗುಂಪಿನಿಂದ ಮಾತ್ರ ತೆರೆಯಲಿ ಅನ್ನುವ) ಆಯ್ಕೆ ಇಲ್ಲದ ಸ್ವಿಚ್ ಕೊಳ್ಳಲೇಬೇಡಿ.

ಪರೀಕ್ಷೆಗೆ 4ನೇ ಪೋರ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಆಫೀಸಿನ ಒಂದು ಕಂಪ್ಯೂಟರ್‌ಗೆ ಪಿಂಗ್ ಮಾಡಿ (ಇದ್ದೀಯಾ ಅಂತ ಕೇಳುವ ಕಮಾಂಡ್), ಉತ್ತರ ಬರಬಾರದು. ಆದರೆ ಗುಂಪು ಮಾಡುವ ಮುಂಚೆ ಅದೇ ಕಂಪ್ಯೂಟರ್ ಉತ್ತರ ಕೊಡುತ್ತಿತ್ತೇ ಅಂತ ನೋಡಿಟ್ಟುಕೊಂಡಿರಬೇಕು. ಅದರ ಸ್ವಂತ ಫೈರ್‌ವಾಲೇ ಪಿಂಗ್ ತಡೆಯುತ್ತಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ.

ಎಲ್ಲ ಸರಿ ಕಂಡ ಮೇಲೆ ಸೇವ್ ಮಾಡಿ. ಅನೇಕ ಸ್ವಿಚ್‌ಗಳಲ್ಲಿ ಅಪ್ಲೈ ಬೇರೆ, ಸೇವ್ ಬೇರೆ. ಅಪ್ಲೈ ಮಾತ್ರ ಒತ್ತಿದ್ದರೆ ಕರೆಂಟ್ ಹೋದಾಗ ಎಲ್ಲ ಮೊದಲಿನಂತಾಗುತ್ತದೆ. ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ ಇದೇ ಉಪಾಯಕ್ಕೆ ಬರುತ್ತದೆ: ಪ್ಲಗ್ ಕಿತ್ತು ಮತ್ತೆ ಹಾಕಿದರೆ ಆಯ್ತು. ಅಪ್ಲೈ ಒತ್ತಿದ ಕೂಡಲೇ ಉಳಿಸಿಬಿಡುವ ಮಾಡೆಲ್‌ಗಳೂ ಇವೆ, ಅವಕ್ಕೆ ರೀಸೆಟ್ ಬಟನ್ ಒಂದೇ ದಾರಿ.